ದರೋಜಿಗೆ ಹೋದರೆ ಬಾಲದ ತುದಿ ನೋಡಿ

ದರೋಜಿ ಕರಡಿಧಾಮಕ್ಕೆ ನಮ್ಮ ಬಳ್ಳಾರಿಯಿಂದ ಹೋಗುವವರೆಲ್ಲ ಕರಡಿ ನೋಡಲು ಹೋಗುತ್ತಾರೆ. ನಾನೂ ಮೊದಲು ಹಾಗೇ ಹೋದವನು. ಈಗ ಮೂರು ಸಲ ಹೋಗಿ ಬಂದ ಮೇಲೆ, ನನ್ನ ಕಣ್ಣು ಮೊದಲು ಹುಡುಕುವುದು ಕೆಂಪು ಮುಂಗುಸಿಯನ್ನು.

ಮೊದಲ ಸಲ ಬೆಳಗ್ಗೆಯೆಲ್ಲ ಹಂಪಿ ಸುತ್ತಿ, ಸಂಜೆ ಐದಕ್ಕೆ ವೀಕ್ಷಣಾ ಗೋಪುರ ಹತ್ತಿದ್ದೆವು. ತುಂಬಾ ಜನ, ಗದ್ದಲ. ದೂರದಲ್ಲಿ ಎರಡು ಕಪ್ಪು ಮುದ್ದೆ ಕಂಡವು, ಅಷ್ಟೇ. ನೀವು ಹಾಗೆ ಮಾಡಬೇಡಿ. ಸಾಮಾನ್ಯವಾಗಿ ಮಧ್ಯಾಹ್ನ 2ರ ಸುಮಾರಿಗೆ ಒಳಗೆ ಬಿಡುತ್ತಾರೆ, ಸಂಜೆ 6ಕ್ಕೆ ಮುಚ್ಚುತ್ತಾರೆ. ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಬಳಿದಿರುತ್ತಾರೆ. ಕರಡಿ ಇಳಿದು ಬರುವುದಕ್ಕೆ ಮೊದಲೇ ನವಿಲು, ಗೌಜಲಕ್ಕಿ, ಮುಂಗುಸಿ ಅಲ್ಲಿಗೆ ಬಂದುಬಿಡುತ್ತವೆ.

ಎರಡನೇ ಸಲ ಅಕ್ಕನ ಮಗ ಜೊತೆಗಿದ್ದ. "ಮಾಮಾ, ಅದು ನಮ್ಮ ಹೊಲದಾಗಿರೋ ಮುಂಗುಸಿನೇ ಅಲ್ವಾ?" ಅಂದ. ಅಲ್ಲ ಕಣಪ್ಪಾ, ಬಾಲದ ತುದಿ ನೋಡು ಅಂದೆ. ಹೊಲದಲ್ಲಿ ಕಾಣುವುದು ಬೂದು ಮುಂಗುಸಿ, ಅದರ ಬಾಲದ ತುದಿ ಮಾಸಲು ಬಿಳಿ. ಇದರ ಬಾಲದ ತುದಿ ಕಪ್ಪು. ಅಷ್ಟೇ ಅಲ್ಲ, ನಡೆಯುವಾಗ ಆ ಕಪ್ಪು ತುದಿಯನ್ನು ಮೇಲಕ್ಕೆ ಬಾಗಿಸಿ ಹಿಡಿದಿರುತ್ತದೆ. ಮೈ ಮೇಲೆ ಬಿಸಿಲು ಬಿದ್ದಾಗ ನಮ್ಮ ಸಂಡೂರಿನ ಮಣ್ಣಿನ ಬಣ್ಣ. ಒಮ್ಮೆ ನೋಡಿದರೆ ಮತ್ತೆ ತಪ್ಪುವುದಿಲ್ಲ.

ಭಾರತ, ಶ್ರೀಲಂಕಾದ ಗುಡ್ಡಗಾಡಿನ ಕಾಡುಗಳಲ್ಲಿ ಇದು ಇದೆ. ಆದರೆ ಊರಿನ ಹತ್ತಿರ ಬರುವುದು ಕಡಿಮೆ, ಅದಕ್ಕೇ ಹೆಚ್ಚು ಜನಕ್ಕೆ ಗೊತ್ತಿಲ್ಲ. ಇಲಿ, ಓತಿ, ಹಾವು, ಹಕ್ಕಿಮೊಟ್ಟೆ ತಿನ್ನುವ ಪ್ರಾಣಿ. ಬೆಲ್ಲದ ಬಂಡೆಯ ಮೇಲೆ ಅದು ಮೂಗು ಉಜ್ಜುತ್ತಾ ತಿರುಗುವುದನ್ನು ನಾನು ಅರ್ಧ ಗಂಟೆ ನೋಡುತ್ತಾ ಕೂತಿದ್ದೆ. ಮುಂಗುಸಿ ಕೂದಲಿನ ಚಿತ್ರಕಲೆ ಕುಂಚಕ್ಕಾಗಿ ಇವುಗಳನ್ನು ಇವತ್ತಿಗೂ ಕೊಲ್ಲುತ್ತಾರೆ. ಕಾನೂನಿನಲ್ಲಿ ಅದು ಅಪರಾಧ. ಅಂಥ ಕುಂಚ ದಯವಿಟ್ಟು ಕೊಳ್ಳಬೇಡಿ.

ದುರ್ಬೀನು ಇಲ್ಲದೆ ಹೋಗಬೇಡಿ. ಬಂಡೆ ದೂರದಲ್ಲಿದೆ, ಬರಿಗಣ್ಣಿಗೆ ಮುಂಗುಸಿ ಬರೀ ಒಂದು ಗೆರೆ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ನೀರು ಜಾಸ್ತಿ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಮಾತಾಡಬಾರದು ಅಂತ ಮೊದಲೇ ಹೇಳಿ. ತಿಂಡಿ ಎಸೆಯಬೇಡಿ, ಅದು ಪ್ರಾಣಿಗಳಿಗೆ ನಾವು ಮಾಡುವ ಕೇಡು.

ಬಳ್ಳಾರಿಯಿಂದ ರೈಲಿನಲ್ಲಿ ಬರುವವರು ಹೊಸಪೇಟೆಯಲ್ಲಿ ಇಳಿದು, ಬಸ್ಸಿನಲ್ಲಿ ಕಮಲಾಪುರಕ್ಕೆ ಬನ್ನಿ. ಅಲ್ಲಿಂದ ಕರಡಿಧಾಮಕ್ಕೆ ಆಟೊ ಮಾಡಿಕೊಳ್ಳಿ. ಕಾಯುವುದಕ್ಕೂ ಸೇರಿಸಿ ಬಾಡಿಗೆ ಮಾತಾಡಿ. ಕತ್ತಲಾದ ಮೇಲೆ ಆ ದಾರಿಯಲ್ಲಿ ಬೇರೆ ಗಾಡಿ ಸಿಗುವುದು ಕಷ್ಟ.