ಬಾರ್ಸಿಲೋನಾ ಟಿಕೆಟ್: ತಾರೀಖು ಬಿಟ್ಟುಕೊಟ್ಟ ಮೇಲೆ ಸಿಕ್ಕ ದರ

ಬೆಂಗಳೂರಿನಿಂದ ಬಾರ್ಸಿಲೋನಾಗೆ ನೇರ ವಿಮಾನ ಇಲ್ಲ. ದುಬೈ, ದೋಹಾ, ಅಬುಧಾಬಿ ಕಡೆಯಿಂದ ಹೋಗಬೇಕು, ಇಲ್ಲವೇ ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್, ಆಮ್ಸ್ಟರ್‌ಡ್ಯಾಮ್ ಕಡೆಯಿಂದ. ಎಲ್ಲಾದರೂ ಒಂದು ಕಡೆ ಇಳಿದು ಹತ್ತಲೇಬೇಕು. ಮೊದಲ ರಾತ್ರಿ ನಾನು ‘ನಾನ್‌ಸ್ಟಾಪ್’ ಅಂತ ಟಿಕ್ ಮಾಡಿ ಹುಡುಕಿ, ಏನೂ ಬರದೆ, ನೆಟ್ ಕೈಕೊಟ್ಟಿದೆ ಅಂದುಕೊಂಡು ರೌಟರ್ ಆಫ್ ಮಾಡಿ ಆನ್ ಮಾಡಿದೆ.

ಹೊರಟವರು ಮೂವರು. ನಾನು, ನಮ್ಮೆಜಮಾನರು, ಅತ್ತೆ. ದೀಪಾವಳಿ ವಾರ ರಜೆ ಸಿಗುತ್ತದೆ, ಶನಿವಾರ ಹೊರಡೋಣ ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಆ ಶನಿವಾರಕ್ಕೆ ಹೋಗಿಬರುವ ಟಿಕೆಟ್ ಒಬ್ಬರಿಗೆ 71,000 ರೂಪಾಯಿ ತೋರಿಸಿತು. ಹತ್ತು ದಿನ ದಿನಕ್ಕೆರಡು ಸಲ ಅದೇ ತಾರೀಖು ಹಾಕಿ ನೋಡಿದೆ. ದರ ಒಂದು ಸಾವಿರ ಮೇಲೆ, ಒಂದು ಸಾವಿರ ಕೆಳಗೆ, ಅಷ್ಟೇ. ಕೊನೆಗೆ ಗೂಗಲ್ ಫ್ಲೈಟ್ಸ್‌ನಲ್ಲಿ ತಾರೀಖಿನ ಪೆಟ್ಟಿಗೆ ಒತ್ತಿದಾಗ ಪೂರ್ತಿ ಕ್ಯಾಲೆಂಡರ್ ತೆರೆದುಕೊಂಡಿತು. ಒಂದೊಂದು ದಿನದ ಕೆಳಗೂ ದರ ಇತ್ತು. ನವೆಂಬರ್ ಎರಡನೇ ವಾರದ ಮಂಗಳವಾರ ಹಸಿರು ಬಣ್ಣದಲ್ಲಿ 54,000. ಅದೇ ವಿಮಾನ, ಅದೇ ಸೀಟು. ಮೂವರಿಗೆ 51,000 ರೂಪಾಯಿ ವ್ಯತ್ಯಾಸ. ನಮ್ಮೆಜಮಾನರು ರಜೆ ಅರ್ಜಿ ಬದಲಿಸಿದರು.

ಹಾಗಾಗಿ ನನ್ನ ಮೊದಲ ಮಾತು: ತಾರೀಖು ಗೊತ್ತು ಮಾಡಿಕೊಂಡು ದರ ಹುಡುಕಬೇಡಿ. ದರ ನೋಡಿ ತಾರೀಖು ಗೊತ್ತು ಮಾಡಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಕಷ್ಟ, ಒಪ್ಪುತ್ತೇನೆ. ಆದರೂ ಎರಡು ಮೂರು ದಿನ ಆಚೀಚೆ ಮಾಡಿ ನೋಡಿ. ಮಂಗಳವಾರ ಬುಕ್ ಮಾಡಿದರೆ ಅಗ್ಗ ಅಂತ ಹೇಳುವವರಿದ್ದಾರೆ. ನನಗೆ ಕಂಡಿದ್ದು ಅದಲ್ಲ, ಮಂಗಳವಾರ ಹೊರಟರೆ ಅಗ್ಗ. ಇನ್‌ಕಾಗ್ನಿಟೋದಲ್ಲಿ, ಅಂದರೆ ಬ್ರೌಸರಿನಲ್ಲಿ ಹಳೆಯ ಹುಡುಕಾಟದ ಗುರುತಿಲ್ಲದ ಕಿಟಕಿಯಲ್ಲಿ, ಹುಡುಕಿದರೆ ಕಡಿಮೆ ತೋರಿಸುತ್ತದೆ ಅನ್ನುವುದನ್ನೂ ಎರಡು ಮೊಬೈಲ್ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಒಂದೇ ದರ.

ಬಾರ್ಸಿಲೋನಾಗೇ ಅಂಟಿದ ಕೆಲವು ತಾರೀಖುಗಳಿವೆ. ಫೆಬ್ರವರಿ ಕೊನೆ, ಮಾರ್ಚ್ ಶುರುವಿನಲ್ಲಿ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ಅನ್ನುವ ಮೊಬೈಲ್ ಕಂಪನಿಗಳ ದೊಡ್ಡ ಮೇಳ ಇರುತ್ತದೆ. ನಮ್ಮ ಬೆಂಗಳೂರಿನ ಕಂಪನಿಗಳವರೇ ಎಷ್ಟೋ ಜನ ಹೋಗುತ್ತಾರೆ. ಆ ವಾರ ರೂಮಿನ ಬಾಡಿಗೆ ಕೇಳಿದರೆ ವಿಮಾನದ ಟಿಕೆಟ್ಟೇ ಸೋವಿ ಅನ್ನಿಸುತ್ತದೆ. ಸೆಪ್ಟೆಂಬರ್ 24ರ ಆಸುಪಾಸು ಅವರ ಊರಹಬ್ಬ, ಲಾ ಮೆರ್ಸೆ. ನೋಡಲು ಚಂದ, ಜೇಬಿಗೆ ಭಾರ. ಜುಲೈ, ಆಗಸ್ಟ್‌ನಲ್ಲಿ ಯುರೋಪಿನವರೆಲ್ಲ ಸಮುದ್ರಕ್ಕೆ ಬಂದಿರುತ್ತಾರೆ. ನವೆಂಬರಿನಲ್ಲಿ ಸಮುದ್ರಕ್ಕೆ ಇಳಿಯುವಷ್ಟು ಬಿಸಿಲಿಲ್ಲ, ಒಂದು ಸ್ವೆಟರ್ ಬೇಕು. ನಾವಂತೂ ಈಜಲು ಹೋದವರಲ್ಲ.

ಇನ್ನು ನಾನು ಮಾಡಿದ ತಪ್ಪು. ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಇದ್ದುದಕ್ಕಿಂತ ಒಂದು ಬುಕಿಂಗ್ ಸೈಟಿನಲ್ಲಿ ಒಬ್ಬರಿಗೆ 1,300 ರೂಪಾಯಿ ಕಡಿಮೆ ಇತ್ತು. ಮೂವರಿಗೆ 3,900. ಆಸೆ ಬಿತ್ತು, ಕೊಂಡುಬಿಟ್ಟೆ. ಹದಿನೈದು ದಿನಕ್ಕೆ ಮೇಲ್ ಬಂತು: ಮೊದಲ ವಿಮಾನದ ಸಮಯ ಬದಲಾಗಿದೆ. ನಡುವೆ ಇದ್ದ ಎರಡೂವರೆ ಗಂಟೆ 55 ನಿಮಿಷಕ್ಕೆ ಇಳಿದಿತ್ತು. ಮೊಣಕಾಲು ನೋವಿನ ಅತ್ತೆಯನ್ನು ಕರೆದುಕೊಂಡು 55 ನಿಮಿಷದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಓಡುವುದಾ? ವಿಮಾನ ಕಂಪನಿಗೆ ಫೋನ್ ಮಾಡಿದರೆ, ‘ನೀವು ಕೊಂಡವರನ್ನೇ ಕೇಳಿ’ ಅಂದರು. ಬುಕಿಂಗ್ ಸೈಟಿನವರು, ‘ಕಂಪನಿಯಿಂದ ಒಪ್ಪಿಗೆ ಬರಬೇಕು ಮೇಡಂ’ ಅಂದರು. ಒಂಬತ್ತು ದಿನ ಹೀಗೇ ಆಯಿತು. ಕೊನೆಗೆ ಮುಂದಿನ ವಿಮಾನಕ್ಕೆ ಹಾಕಿದರು, ಹನ್ನೊಂದು ಗಂಟೆ ಕಾಯುವ ಲೇಓವರ್ ಜೊತೆಗೆ. ಅತ್ತೆಗೆ ವೀಲ್‌ಚೇರ್ ಬೇಕು ಅಂತ ಬುಕಿಂಗಿನಲ್ಲಿ ಬರೆದದ್ದೂ ಕಂಪನಿಗೆ ತಲುಪಿರಲಿಲ್ಲ. (ವೀಲ್‌ಚೇರ್ ಸೇವೆಗೆ ದುಡ್ಡಿಲ್ಲ. ಆದರೆ ಕನಿಷ್ಠ ಎರಡು ದಿನ ಮೊದಲೇ ಹೇಳಿರಬೇಕು.) ಹುಡುಕುವುದು ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್ ಎಲ್ಲಾದರೂ ಹುಡುಕಿ. ಕೊಳ್ಳುವುದು ಕಂಪನಿಯ ಹತ್ತಿರವೇ ಕೊಳ್ಳಿ. ಎರಡು ಸಾವಿರ ಜಾಸ್ತಿ ಆದರೂ ನಾನು ಇನ್ನು ಮುಂದೆ ಹಾಗೇ ಮಾಡುವುದು.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ಇನ್ನೊಂದು ಗೋಳು. ಅತ್ತೆಯ ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಮಾತ್ರ ಇದೆ, ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಫಾರಂ ಖಾಲಿ ಬಿಡಲು ಒಪ್ಪುವುದಿಲ್ಲ. ಚುಕ್ಕಿ ಹಾಕಿದೆ, ಕೆಂಪು ಗೆರೆ. ಅಡ್ಡಗೆರೆ ಹಾಕಿದೆ, ಮತ್ತೆ ಕೆಂಪು ಗೆರೆ. ಅತ್ತೆ ಪಕ್ಕದಲ್ಲಿ ಕೂತು, ‘ಕೆ.ಎಸ್. ಅಂತ ಹಾಕಮ್ಮ, ಬ್ಯಾಂಕಲ್ಲಿ ಹಾಗೇ ಇದೆ’ ಅಂದರು. ಹಾಕಬೇಡಿ. ಪಾಸ್‌ಪೋರ್ಟಿನಲ್ಲಿ ಇಲ್ಲದ ಅಕ್ಷರ ಟಿಕೆಟ್ಟಿನಲ್ಲಿ ಇರಬಾರದು. ಕೆಲವು ಕಂಪನಿಗಳು ಅದೇ ಹೆಸರನ್ನು ಎರಡೂ ಕಡೆ ಬರೆಯಲು ಹೇಳುತ್ತವೆ, ಕೆಲವು ಬೇರೆ ಥರ. ಅವರ ಸಹಾಯ ಪುಟ ನೋಡಿ ಅದರಂತೆ ಮಾಡಿ. ದುಬೈಯಲ್ಲೋ ಅಬುಧಾಬಿಯಲ್ಲೋ ಎರಡು ದಿನ ಇಳಿದು ಊರು ನೋಡುವ ಆಸೆ ಇದ್ದರೆ ಇನ್ನೂ ಎಚ್ಚರ. 2022ರ ನವೆಂಬರಿನಲ್ಲಿ ಯುಎಇ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದನ್ನು ಬಿಗಿ ಮಾಡಿತು. ಸುಮ್ನೆ ವಿಮಾನ ಬದಲಿಸಿ ಮುಂದೆ ಹೋಗುವವರಿಗೆ ಆ ತೊಂದರೆ ಇಲ್ಲ.

ಎಲ್ಲಿ ಇಳಿದು ಹತ್ತುತ್ತೀರಿ ಅನ್ನುವುದರ ಮೇಲೆ ಇನ್ನೂ ಕೆಲವು ಸಂಗತಿ ನಿಂತಿವೆ. ಸ್ಪೇನ್, ಜರ್ಮನಿ, ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಅದೇ ಷೆಂಗೆನ್. ಗಲ್ಫ್ ಕಡೆಯಿಂದ ಹೋದರೆ ಷೆಂಗೆನ್ ಇಮಿಗ್ರೇಷನ್ ಬಾರ್ಸಿಲೋನಾದಲ್ಲಿ. ಫ್ರಾಂಕ್‌ಫರ್ಟ್, ಪ್ಯಾರಿಸ್ ಕಡೆಯಿಂದ ಹೋದರೆ ಅದು ಅಲ್ಲೇ, ಎರಡು ವಿಮಾನಗಳ ನಡುವೆ. 2025ರ ಅಕ್ಟೋಬರಿನಿಂದ ಈ ಇಮಿಗ್ರೇಷನ್‌ನಲ್ಲಿ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ಪದ್ಧತಿ ಶುರುವಾಗಿದೆ, ಸಾಲು ನಿಧಾನ. ಒಂದೂಕಾಲು ಗಂಟೆಯ ಲೇಓವರ್ ಅಗ್ಗ ಅಂತ ಕಂಡರೂ ಬಿಡಿ, ಎರಡೂವರೆ ಗಂಟೆ ಇರಲಿ. ನಮ್ಮದು ಬಾರ್ಸಿಲೋನಾದಲ್ಲೇ ಆಯಿತು. ವೀಲ್‌ಚೇರ್ ಜೊತೆ ಒಬ್ಬರಿಗಷ್ಟೇ ಬೇರೆ ದಾರಿಯಲ್ಲಿ ಬಿಟ್ಟರು. ಮಗ ಅಮ್ಮನ ಜೊತೆ ಹೋದರು, ಸೊಸೆ ಸಾಲಿನಲ್ಲಿ ನಿಂತಳು.

ಲಂಡನ್ ಮೂಲಕ ಕೆಲವು ಸಲ ಒಳ್ಳೆ ದರ ಕಾಣುತ್ತದೆ. ಆದರೆ ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ಪ್ರವಾಸಿ ಷೆಂಗೆನ್ ವೀಸಾ ಇದೆ ಅಂತ ಬಿಡುವುದಿಲ್ಲ. ಅದರ ಖರ್ಚು ಸೇರಿಸಿ ಲೆಕ್ಕ ಹಾಕಿ.

ಎರಡು ಬೇರೆ ಬೇರೆ ಟಿಕೆಟ್ ಜೋಡಿಸುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಮಂಗಳೂರಿನವರಿಗೆ ದುಬೈಗೆ ನೇರ ವಿಮಾನ ಇದೆ, ಅಲ್ಲಿಂದ ಇನ್ನೊಂದು ತಗೊಂಡರೆ ಆಯಿತಲ್ವಾ ಅಂತ. ಒಂದೇ ಪಿಎನ್‌ಆರ್ ಆಗಿದ್ದರೆ ಬ್ಯಾಗ್ ನೇರ ಬಾರ್ಸಿಲೋನಾಗೆ ಹೋಗುತ್ತದೆ, ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಅವರೇ ಹತ್ತಿಸುತ್ತಾರೆ. ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗ್ ಇಳಿಸಿಕೊಳ್ಳಲು ದುಬೈ ಒಳಗೆ ಹೋಗಬೇಕು, ಅದಕ್ಕೆ ಅಲ್ಲಿನ ವೀಸಾ ಬೇಕು, ತಡವಾದರೆ ಎರಡನೇ ಟಿಕೆಟ್ ಹೋದಂತೆಯೇ. ಕೈಬ್ಯಾಗ್ ಒಂದೇ ಇರುವ ಹುಡುಗರು ಮಾಡಲಿ. ಮುಂಬೈನಿಂದ ಹೊರಡುವುದೂ ಹೀಗೇ. ಬೆಳಗಾವಿಯವರಿಗೆ ಸರಿಹೋಗಬಹುದು. ಬೆಂಗಳೂರಿನವರು ಮುಂಬೈಗೆ ಹೋಗಿಬರುವ ಖರ್ಚು ಕೂಡಿಸಿದರೆ ಉಳಿದದ್ದೆಲ್ಲ ಅಲ್ಲೇ ಮುಗಿಯುತ್ತದೆ.

ಯುರೋಪಿನ ಇನ್ನೊಂದು ಊರೂ ನೋಡುವುದಿದ್ದರೆ ‘ಮಲ್ಟಿ-ಸಿಟಿ’ ಒತ್ತಿ, ಹೋಗುವುದು ಬಾರ್ಸಿಲೋನಾಗೆ, ಬರುವುದು ರೋಮಿನಿಂದ ಅಂತ ಹಾಕಿ ನೋಡಿ. ಎಷ್ಟೋ ಸಲ ದರ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ವಾಪಸ್ ಬಾರ್ಸಿಲೋನಾಗೆ ಬರುವ ಖರ್ಚು ಉಳಿಯುತ್ತದೆ. ನಡುವಿನ ಸಣ್ಣ ವಿಮಾನಗಳಲ್ಲಿ ಟಿಕೆಟ್ 30 ಯೂರೋ ಇದ್ದರೂ ಅದರಲ್ಲಿ ಬರುವುದು ಸೀಟಿನ ಕೆಳಗೆ ಹಿಡಿಸುವ ಚೀಲ ಮಾತ್ರ. ‘ಬಾರ್ಸಿಲೋನಾ ಜಿರೋನಾ’ ಅಂತ ಕಂಡರೆ ಅದು ಊರಿನಿಂದ ಸುಮಾರು 90 ಕಿಲೋಮೀಟರ್ ಆಚೆಯ ಏರ್‌ಪೋರ್ಟ್. ಬ್ಯಾಗಿನ ಮಾತು ದೊಡ್ಡ ವಿಮಾನಕ್ಕೂ ಇದೆ. ಗಲ್ಫ್ ಕಂಪನಿಗಳ ದರದಲ್ಲಿ ಸಾಮಾನ್ಯವಾಗಿ ಚೆಕ್-ಇನ್ ಬ್ಯಾಗ್ ಸೇರಿರುತ್ತದೆ, ಯುರೋಪಿನ ಕಂಪನಿಗಳ ‘ಲೈಟ್’ ದರದಲ್ಲಿ ಇರದೇ ಹೋಗಬಹುದು. ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಪೇಡ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಅತ್ತೆಯ ತುಪ್ಪದ ಡಬ್ಬಿ ಬೆಂಗಳೂರಿನಲ್ಲೇ ಉಳಿಯಿತು, ಮಾತು ಎರಡು ದಿನ ಕಮ್ಮಿಯಾಯಿತು.

ವೀಸಾ ಮೊದಲಾ, ಟಿಕೆಟ್ ಮೊದಲಾ? ಅರ್ಜಿಗೆ ಬುಕಿಂಗ್ ತೋರಿಸಬೇಕು. ನಾನು ರದ್ದು ಮಾಡಿದರೆ ಸ್ವಲ್ಪವೇ ಹಿಡಿದುಕೊಳ್ಳುವ ದರ ಆರಿಸಿದ್ದೆ. ಅರ್ಜಿಯನ್ನು ಆರು ತಿಂಗಳ ಮೊದಲೇ ಹಾಕಬಹುದು. ಸ್ಪೇನ್ ಅರ್ಜಿ ಬೆಂಗಳೂರಿನಲ್ಲೇ ಕೊಡಬಹುದು, ಕಷ್ಟ ಇರುವುದು ಅಪಾಯಿಂಟ್‌ಮೆಂಟ್ ಸಿಗುವುದರಲ್ಲಿ. 2024ರ ಜೂನ್‌ನಿಂದ ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ.

ವಾಪಸ್ ಬರುವಾಗ ವಿಮಾನ ತಡವಾದರೆ ಸುಮ್ನೆ ಕೂರಬೇಡಿ. ಯುರೋಪಿಯನ್ ಒಕ್ಕೂಟದ ದೇಶಗಳಿಂದ ಹೊರಡುವ ಯಾವ ಕಂಪನಿಯ ವಿಮಾನಕ್ಕೂ ಅಲ್ಲಿನ ನಿಯಮ ಅನ್ವಯಿಸುತ್ತದೆ. ಕಂಪನಿಯ ಕಡೆಯ ಕಾರಣಕ್ಕೆ ನಮ್ಮಷ್ಟು ದೂರದ ಪ್ರಯಾಣ ತುಂಬಾ ತಡವಾದರೆ ಒಬ್ಬರಿಗೆ 600 ಯೂರೋವರೆಗೆ ಪರಿಹಾರ ಕೇಳಬಹುದು. ಬೋರ್ಡಿಂಗ್ ಪಾಸ್ ಬಿಸಾಡಬೇಡಿ.

ಇಳಿದ ಮೇಲೆ ಟ್ಯಾಕ್ಸಿಗೆ ಓಡಬೇಡಿ. ಟಿ1 ಟರ್ಮಿನಲ್‌ನಿಂದ 46ನೇ ನಂಬರ್ ಸಿಟಿ ಬಸ್ ಊರೊಳಗಿನ ಪ್ಲಾಸಾ ಎಸ್ಪಾನ್ಯಾ ಚೌಕಕ್ಕೆ ಹೋಗುತ್ತದೆ. ಹತ್ತು ಪ್ರಯಾಣದ ‘ಟಿ-ಕ್ಯಾಷುಯಲ್’ ಕಾರ್ಡ್ ಅದರಲ್ಲಿ ನಡೆಯುತ್ತದೆ, ಟಿ2ನಿಂದ ಹೊರಡುವ ರೈಲಿನಲ್ಲೂ ನಡೆಯುತ್ತದೆ. ಏರ್‌ಪೋರ್ಟ್ ಮೆಟ್ರೋದಲ್ಲಿ ಮಾತ್ರ ನಡೆಯುವುದಿಲ್ಲ, ಅದಕ್ಕೆ ಬೇರೆ, ದುಬಾರಿ ಟಿಕೆಟ್. ಇನ್ನೊಂದು, ಆ ಕಾರ್ಡ್ ಒಬ್ಬರಿಗೆ ಒಂದು. ಹತ್ತು ಸಲ ಇದೆಯಲ್ಲ, ಮೂವರೂ ಒಂದರಲ್ಲೇ ಹೋಗೋಣ ಅಂತ ನಾನು ಒಂದೇ ಕೊಂಡಿದ್ದೆ. ಬಸ್ ಡ್ರೈವರ್ ತಲೆ ಅಲ್ಲಾಡಿಸಿದ. ಲಗೇಜನ್ನು ನಮ್ಮೆಜಮಾನರಿಗೆ ಒಪ್ಪಿಸಿ ಮತ್ತೆ ಮೆಷಿನ್ ಹತ್ತಿರ ಓಡಿದೆ.