ಗೋದಾಮಿನ ಕಟ್ಟೆ ಯಾಕೆ ಅಷ್ಟು ಎತ್ತರ?

ನಾನು ಹುಬ್ಬಳ್ಳಿಯಲ್ಲಿ ನಗರ ಯೋಜನೆ ಮಾಡುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಹಳ್ಳದ ದಂಡೆಯ ಹತ್ತಿಯಿಂದ ಬೀಜ ಬೇರೆ ಮಾಡುವ ಒಂದು ಹಳೆಯ ಜಿನ್ನಿಂಗ್ ಫ್ಯಾಕ್ಟರಿಯ ಜಾಗ ನಮ್ಮ ಕೈಗೆ ಬಂತು. ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಎರಡು ಗೋದಾಮು, ಮುಂದೆ ಹಳ್ಳದವರೆಗೆ ಇಳಿಯುವ ದೊಡ್ಡ ಅಂಗಳ. ಮನೆ, ಅಂಗಡಿ, ಜನ ಓಡಾಡೋ ಜಾಗ ಎಲ್ಲ ಸೇರಿಸಿ ಪ್ಲ್ಯಾನ್ ಮಾಡಿಕೊಡಿ ಅಂತ ಮಾಲೀಕರು ಕೇಳಿದ್ದರು.

ನಮ್ಮೂರಲ್ಲಿ ಹಳ್ಳ ಅಂದರೆ ಹಿತ್ತಲ ಕಡೆಯದು. ಕಸ ಅಲ್ಲಿಗೆ, ಕೊಳಚೆ ಅಲ್ಲಿಗೆ. ಫ್ರಾನ್ಸ್‌ನ ನೆರವಿನಲ್ಲಿ ಉಣಕಲ್ ನಾಲಾ ಪಕ್ಕ ಸೈಕಲ್ ದಾರಿಯ ಕೆಲಸ ಬಂದ ಮೇಲೆ ನೀರಿನ ಕಡೆ ಮುಖ ಮಾಡಬೇಕು ಅನ್ನೋ ಮಾತು ಶುರುವಾಯಿತು. ಅಂಥ ಹೊತ್ತಲ್ಲಿ ಸಿಕ್ಕ ಕೆಲಸ ಇದು. ರಾತ್ರಿಯೆಲ್ಲ ಕೂತು ಬರೆದೆ.

ನನ್ನ ಮಾದರಿ ಜರ್ಮನಿಯ ಹ್ಯಾಂಬರ್ಗ್‌ನ ಹಾಫೆನ್‌ಸಿಟಿ. ಹಳೆಯ ಬಂದರಿನ 157 ಹೆಕ್ಟೇರ್ ಜಾಗಕ್ಕೆ 2000ರಲ್ಲಿ ಮಾಸ್ಟರ್ ಪ್ಲ್ಯಾನ್ ಮಾಡಿ, ಮನೆ, ಆಫೀಸು, ಶಾಲೆ ಎಲ್ಲ ಬೆರೆಸಿ ಕಟ್ಟುತ್ತಾ ಬಂದ ಊರು. ನೀರಿಗೆ ತಾಗಿದ ಅದರ ಕಾಲುದಾರಿಯ ಫೋಟೊ ನನ್ನ ಟೇಬಲ್ ಮೇಲೇ ಇತ್ತು. ಅದನ್ನೇ ಹಳ್ಳದ ದಂಡೆಗೆ ತಂದೆ. ಅಂಗಳಕ್ಕೆ ಮೊರಮ, ಅಂದರೆ ಗರಸು ಮಣ್ಣು, ಹಾಕಿ ಎತ್ತರಿಸಿ, ಮೇಲೆ ಸಾಲಾಗಿ ಅಂಗಡಿ. ಆಫೀಸಿನಲ್ಲಿ ಎಲ್ಲರಿಗೂ ಇಷ್ಟವಾಯಿತು.

ಅಳತೆ ಸರಿ ನೋಡೋಕೆ ಮತ್ತೊಮ್ಮೆ ಹೋದಾಗ ಕಾವಲಿಗಿದ್ದ ಅಜ್ಜ ಸಿಕ್ಕರು. ಹರೆಯದಲ್ಲಿ ಅದೇ ಫ್ಯಾಕ್ಟರಿಯಲ್ಲಿ ಹಮಾಲಿ ಮಾಡಿದವರು. ಗೋದಾಮಿನ ಕಟ್ಟೆ ನನ್ನ ಎದೆಮಟ್ಟ ಇತ್ತು. ಚಕ್ಕಡಿಯಿಂದ ಹತ್ತಿ ಇಳಿಸೋಕೆ ಅಷ್ಟು ಎತ್ತರ ಅಂದುಕೊಂಡಿದ್ದೆ. "ಹೌದಲ್ಲ ಅಜ್ಜಾರ?" ಅಂತ ಕೇಳಿದೆ.

"ಚಕ್ಕಡಿಗೂ ಆತ್ರಿ ಮೇಡಮ್ಮಾರ, ನೀರಿಗೂ ಆತು. ಮಳಿ ಜೋರಾದ್ರ ಈ ಅಂಗಳದಾಗ ಮೊಣಕಾಲ ಮಟ ನೀರ ನಿಂದರ್ತೈತಿ. ಹತ್ತಿ ತೊಯ್ದ್ರ ಮುಗೀತಲ್ರಿ."

ಆಮೇಲೆ ಹಂಗಾಮಿನ ಕತೆ ಹೇಳಿದರು. ಹತ್ತಿ ಬರುವುದು ಚಳಿಗಾಲ, ಬೇಸಿಗೆಯಲ್ಲಿ. ಆಗ ಅಂಗಳದ ತುಂಬ ರಾಶಿ. ಮಳೆಗಾಲದಲ್ಲಿ ಉಳಿದ ಬೇಲ್‌ಗಳು, ಅಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆಗಳು, ಕಟ್ಟೆಯ ಮೇಲೆ, ಅಂಗಳ ಖಾಲಿ, ಹಳ್ಳ ಒಳಗೆ ಬಂದು ಹೋಗುತ್ತಿತ್ತು. ಒಂದೇ ನೆಲವನ್ನು ಹತ್ತಿಯೂ ನೀರೂ ಸರದಿಯಲ್ಲಿ ಬಳಸುತ್ತಿದ್ದವು! ಕಟ್ಟಿದವರಿಗೆ ಅದು ಗೊತ್ತಿತ್ತು. ನಾನು ಆ ಅಂಗಳವನ್ನು ಸುಮ್ನೆ ಬಿದ್ದ ಜಾಗ ಅಂತ ಓದಿದ್ದೆ.

ವಾಪಸ್ ಬಂದು ಹಾಫೆನ್‌ಸಿಟಿಯ ಸೆಕ್ಷನ್ ಡ್ರಾಯಿಂಗ್ ತೆಗೆದೆ. ಜಾಗವನ್ನು ಮೇಲಿಂದ ಕೆಳಗೆ ಸೀಳಿದಂತೆ ಎತ್ತರ ತಗ್ಗು ತೋರಿಸುವ ಚಿತ್ರ ಅದು. ಅಲ್ಲಿ ಕಟ್ಟಡಗಳು ನಿಂತಿರುವುದು ಸಮುದ್ರಮಟ್ಟದಿಂದ 8–9 ಮೀಟರ್ ಎತ್ತರದ ದಿಬ್ಬದ ಮೇಲೆ. ನಾನು ಮೆಚ್ಚಿದ ಕಾಲುದಾರಿ ಅದಕ್ಕಿಂತ ಎಷ್ಟೋ ಕೆಳಗೆ. ದೊಡ್ಡ ಪ್ರವಾಹ ಬಂದರೆ ಅದು ಮುಳುಗಲಿ ಅಂತಲೇ ಬಿಟ್ಟದ್ದು. 1962ರ ಪ್ರವಾಹದಲ್ಲಿ ಮುನ್ನೂರಕ್ಕೂ ಜಾಸ್ತಿ ಜನರನ್ನು ಕಳೆದುಕೊಂಡ ಊರು ಅದು. ವರ್ಷಗಟ್ಟಲೆ ಫೋಟೊ ನೋಡಿದ್ದೆ, ಸೆಕ್ಷನ್ ಒಮ್ಮೆಯೂ ನೋಡಿರಲಿಲ್ಲ.

ಮೊರಮ ಹಾಕಿದ್ದರೆ ಏನಾಗುತ್ತಿತ್ತು? ಅಂಗಳದಲ್ಲಿ ನಿಲ್ಲುವ ನೀರು ಎದುರು ದಂಡೆಯ ಸಣ್ಣ ಮನೆಗಳಿಗೆ ಹೋಗುತ್ತಿತ್ತು. 2019ರ ಆಗಸ್ಟ್ ಮಳೆಯಲ್ಲಿ ಹುಬ್ಬಳ್ಳಿಯ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಥದ್ದಕ್ಕೆ ನನ್ನ ಗೆರೆಯೂ ಕಾರಣವಾಗುತ್ತಿತ್ತು ಅಂತ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಮೇಲಾಗಿ ನಮ್ಮದು ಎರೆ ಮಣ್ಣು. ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಮೇಲೆ ಮೊರಮ ಹರಡಿದರೆ ಕೆಳಗಿನ ಮಣ್ಣಿನ ಗುಣ ಹೋಗುವುದಿಲ್ಲ.

ಹೊಸ ಪ್ಲ್ಯಾನಿನಲ್ಲಿ ಮನೆಗಳು ಎತ್ತರದ ರಸ್ತೆ ಬದಿಗೆ ಹೋದವು. ಅಂಗಡಿಗಳು ಗೋದಾಮಿನ ಕಟ್ಟೆಯ ಮೇಲೇ ಬಂದವು. ಅಂಗಳ ಅಂಗಳವಾಗಿಯೇ ಉಳಿಯಿತು: ಬೇಸಿಗೆಯಲ್ಲಿ ಸಂತೆ, ಮಕ್ಕಳ ಆಟ, ಮಳೆಗಾಲದಲ್ಲಿ ನೀರು. ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. ಅಷ್ಟು ಜಾಗ ಬಿಡೋದು ಅಂದರೆ ಯಾರಿಗಾದರೂ ಕಷ್ಟವೇ ಅಲ್ವಾ. ಜುಲೈನಲ್ಲಿ ಒಂದು ಜೋರು ಮಳೆಯ ಮರುದಿನ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಪ್ಯಾಂಟ್ ಮಡಚಿಕೊಂಡು ಕಟ್ಟೆ ಹತ್ತಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಕೊನೆಯ ಪ್ರಿಂಟ್ ಅಜ್ಜನಿಗೂ ತೋರಿಸಿದೆ. ನೀರು ಬರುವ ಮಟ್ಟಕ್ಕೆ ನಾವು ಎಳೆದ ನೀಲಿ ಗೆರೆಯನ್ನು ಬಹಳ ಹೊತ್ತು ನೋಡಿದರು. ಅದರ ಮೇಲೆ ಎರಡು ಬೆರಳು ಬಿಟ್ಟು ಕೈ ಇಟ್ಟರು. "ಇಲ್ಲೀ ಮಟ ಬರ್ತೈತ್ರಿ." ಗೆರೆ ಅಲ್ಲಿಗೇ ಸರಿಯಿತು. ಎರಡು ಅಂಗಡಿ ಕಡಿಮೆಯಾದವು.