ಮೋಟರ್‌ಹೋಮ್ ಹಿಂದೆ ಟ್ರೈಲರ್: ಎಂಜಿನ್ ಕೇಳುವ ಮೊದಲು ತೂಕದ ಚೀಟಿ ಕೇಳಿ

ಟ್ರೈಲರ್ ಎಳೆಯಲು ಡೀಸೆಲ್ ಮೋಟರ್‌ಹೋಮ್ (ಒಳಗೇ ಮಲಗಿ ಉಳಿಯುವಂಥ ಗಾಡಿ) ಹುಡುಕುವವರು ಮೊದಲು ಕೇಳುವುದು ಎಚ್‌ಪಿ ಎಷ್ಟು ಅಂತ. ಮಂಗಳೂರು, ಉಡುಪಿ ಕಡೆಯವರಿಗೆ ಆ ಪ್ರಶ್ನೆಯಿಂದ ಅರ್ಧ ಉಪಯೋಗ ಮಾತ್ರ. ನಾವು ಪೂರ್ವಕ್ಕೆ ಎಲ್ಲಿಗೆ ಹೊರಟರೂ ಘಾಟಿ ಹತ್ತಬೇಕು, ಬರುವಾಗ ಇಳಿಯಬೇಕು. ಹತ್ತಿಸುವುದು ಎಂಜಿನ್. ಇಳಿಸುವುದು ಗೇರು, ಬ್ರೇಕು ಮತ್ತು ಹಿಂದಿನ ಆಕ್ಸಲ್. ಈಗಿನ ಡೀಸೆಲ್ ಎಂಜಿನ್‌ಗಳು ಹತ್ತುವಾಗ ಕೈಕೊಡುವುದು ಕಡಿಮೆ, ಕೈಕೊಟ್ಟರೂ ಗಾಡಿ ನಿಲ್ಲುತ್ತದೆ ಅಷ್ಟೆ. ಇಳಿಯುವಾಗ ಕೈಕೊಟ್ಟರೆ ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡೋಣ. 4 ಟನ್ ಮೋಟರ್‌ಹೋಮ್, ಹಿಂದೆ 1 ಟನ್ ಟ್ರೈಲರ್. 12 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವ ರಸ್ತೆಯಲ್ಲಿ ಈ 5 ಟನ್ ಅನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಿಸಲು ಚಕ್ರದ ಹತ್ತಿರ ಸುಮಾರು 52 ಎಚ್‌ಪಿ ಸಾಕು. 40ಕ್ಕೆ ಏರಿಸಿದರೆ ಸುಮಾರು 70. ಮೋಟರ್‌ಹೋಮ್ ಕಟ್ಟಲು ಬಳಸುವ ವ್ಯಾನುಗಳಾದ ಫೋರ್ಸ್ ಟ್ರಾವೆಲರ್ ಮತ್ತು ಅರ್ಬೇನಿಯಾದಲ್ಲಿರುವ 2.6 ಲೀಟರ್ ಎಂಜಿನ್ 115 ಎಚ್‌ಪಿ, 350 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ. ಗೇರ್‌ಬಾಕ್ಸು, ಡಿಫರೆನ್ಷಿಯಲ್‌ನಲ್ಲಿ ಹೋಗುವ ಸುಮಾರು 15% ಕಳೆದರೂ ಕೈಯಲ್ಲಿ ಉಳಿಯುತ್ತದೆ. ಟಾಟಾ ವಿಂಗರ್‌ನ 2.2 ಲೀಟರ್ ಎಂಜಿನ್‌ಗೂ ಎಚ್‌ಪಿ ಸುಮಾರು 100 ಇದೆ, ಆದರೆ ಟಾರ್ಕ್ 200 ಎನ್‌ಎಂ. ಕಡಿಮೆ ಆರ್‌ಪಿಎಂನಲ್ಲಿ ಎಳೆತ ಸಿಗದೆ ಪದೇ ಪದೇ ಗೇರು ಇಳಿಸಬೇಕಾಗುತ್ತದೆ, ಕ್ಲಚ್ ಅರ್ಧ ಒತ್ತಿ ಹೋಗುವ ಚಾಳಿ ಹತ್ತುತ್ತದೆ, ಕ್ಲಚ್ ಪ್ಲೇಟ್ ಸುಡುತ್ತದೆ. ಹಾಗಾಗಿ ಎಚ್‌ಪಿಗಿಂತ ಟಾರ್ಕ್ ನೋಡಿ. ಅದಕ್ಕಿಂತ ಮೊದಲು ಡ್ರೈವ್, ಅಂದರೆ ಎಂಜಿನ್ ಬಲ, ಯಾವ ಚಕ್ರಕ್ಕೆ ಎಂದು ನೋಡಿ.

ವಿಂಗರ್‌ನಲ್ಲಿ ಡ್ರೈವ್ ಮುಂದಿನ ಚಕ್ರಕ್ಕೆ, ಟ್ರಾವೆಲರ್‌ನಲ್ಲಿ ಹಿಂದಿನದಕ್ಕೆ. ಟ್ರೈಲರ್ ಎಳೆಯುವವರಿಗೆ ಇದು ದೊಡ್ಡ ವ್ಯತ್ಯಾಸ. ಟ್ರೈಲರ್‌ನ ಮೂತಿ ಟೋ ಬಾಲ್ (ಗಾಡಿಯ ಹಿಂದಿನ ಕೊಂಡಿಯ ಗುಂಡು) ಮೇಲೆ ಕೂತು ಗಾಡಿಯ ಹಿಂಭಾಗವನ್ನು ಒತ್ತುತ್ತದೆ, ಅಷ್ಟರಮಟ್ಟಿಗೆ ಮುಂಭಾಗ ಹಗುರಾಗುತ್ತದೆ. ಏರಿನಲ್ಲಿ ಭಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಜುಲೈ ಮಳೆಯಲ್ಲಿ ಘಾಟಿ ತಿರುವಿನಲ್ಲಿ ನಿಂತ ಲಾರಿಯ ಹಿಂದೆ ನಿಂತು ಮತ್ತೆ ಹೊರಡಬೇಕಾದರೆ, ಅಥವಾ ಪಾಚಿ ಹಿಡಿದ ಬೋಟ್ ರ‍್ಯಾಂಪ್‌ನಿಂದ ಮೇಲೆ ಬರಬೇಕಾದರೆ, ಮುಂದಿನ ಚಕ್ರ ಅಲ್ಲೇ ತಿರುಗುತ್ತಾ ಕೂರುತ್ತದೆ.

ಇನ್ನು ಹಿಂದಿನ ಓವರ್‌ಹ್ಯಾಂಗ್. ಮೋಟರ್‌ಹೋಮ್ ಎಂದರೆ ಹಿಂದಿನ ಆಕ್ಸಲ್ ದಾಟಿ ಎರಡು ಮೀಟರ್ ಬಾಡಿ, ಅದರಲ್ಲಿ ಮಂಚವೋ ಬಾತ್‌ರೂಮೋ. ಬೇಸ್ ಗಾಡಿ ಎಷ್ಟೇ ಒಳ್ಳೆಯದಾದರೂ ಲೆಕ್ಕ ತಪ್ಪುವುದು ಇಲ್ಲೇ. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ದೂರ) 3.7 ಮೀಟರ್, ಟೋ ಬಾಲ್ ಹಿಂದಿನ ಆಕ್ಸಲ್‌ನಿಂದ 2.2 ಮೀಟರ್ ಹಿಂದೆ, ಟ್ರೈಲರ್ ಮೂತಿಯ ಭಾರ 75 ಕೆ.ಜಿ. ಎಂದುಕೊಳ್ಳಿ. 75 ಅನ್ನು 2.2ರಿಂದ ಗುಣಿಸಿ 3.7ರಿಂದ ಭಾಗಿಸಿದರೆ ಸುಮಾರು 45. ಮುಂದಿನ ಆಕ್ಸಲ್‌ನಿಂದ ಅಷ್ಟು ಭಾರ ಮೇಲೇಳುತ್ತದೆ. ಆ 45 ಮತ್ತು ಮೂತಿಯ 75 ಸೇರಿ 120 ಕೆ.ಜಿ. ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಮೂತಿಯ ಭಾರ 75 ತಾನೆ ಎಂದು ಬಿಟ್ಟುಬಿಟ್ಟವರ ಗಾಡಿಯಲ್ಲಿ ಹಿಂದಿನ ಟಯರ್ ಬದಿ ಬಿರುಕು ಬಿಡುವುದು, ಲೀಫ್ ಸ್ಪ್ರಿಂಗ್ ಪ್ಲೇಟ್ ಮುರಿಯುವುದು, ಸ್ಟಿಯರಿಂಗ್ ತೇಲಿದ ಹಾಗೆ ಆಗುವುದು ಇದರಿಂದಲೇ. ಟಯರ್ ಮೇಲೆ ಬರೆದಿರುವ ಲೋಡ್ ಇಂಡೆಕ್ಸ್ ಓದಿ: 100 ಎಂದರೆ ಒಂದು ಟಯರ್‌ಗೆ 800 ಕೆ.ಜಿ., 106 ಎಂದರೆ 950, 112 ಎಂದರೆ 1,120.

ಆದ್ದರಿಂದ ಬಳಸಿದ ಮೋಟರ್‌ಹೋಮ್ ನೋಡಲು ಹೋದರೆ ಟೆಸ್ಟ್ ಡ್ರೈವ್‌ನ ದಾರಿಯನ್ನು ವೇ ಬ್ರಿಡ್ಜ್ (ಲಾರಿ ತೂಗುವ ಸೇತುವೆ) ಕಡೆಗೇ ತಿರುಗಿಸಿ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆ ಹೋದರೆ ಹುಡುಕಬೇಕಾಗಿಲ್ಲ. ನೀರಿನ ಟ್ಯಾಂಕ್ ತುಂಬಿಸಿ, ಡೀಸೆಲ್ ತುಂಬಿಸಿ, ಜನ ಕೂತುಕೊಳ್ಳಿ. ಮೊದಲು ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ. ಮೂರು ಚೀಟಿ ತೆಗೆದುಕೊಳ್ಳಿ. ಮೊದಲನೆಯದು ಮತ್ತು ಮೂರನೆಯದು ಕೂಡಿಸಿದಾಗ ಎರಡನೆಯದಕ್ಕೆ ಹತ್ತಿರ ಬರಬೇಕು. ಲಾರಿ ತೂಗುವ ಸೇತುವೆಯಲ್ಲಿ ಹತ್ತಿಪ್ಪತ್ತು ಕೆ.ಜಿ. ಆಚೀಚೆ ಆಗುವುದು ಮಾಮೂಲಿ. ಈ ಅಂಕೆಗಳನ್ನು ಆರ್‌ಸಿಯಲ್ಲಿರುವ ಒಟ್ಟು ತೂಕದ ಜೊತೆಗೂ, ಕಂಪೆನಿಯ ಪ್ಲೇಟ್ ಮೇಲೆ ಆಕ್ಸಲ್‌ವಾರು ಮಿತಿ ಕೊಟ್ಟಿದ್ದರೆ ಅದರ ಜೊತೆಗೂ ಹೋಲಿಸಿ. ಮಾರುವವರು ವೇ ಬ್ರಿಡ್ಜ್ ಬೇಡ ಎಂದರೆ ಉತ್ತರ ಅಲ್ಲೇ ಸಿಕ್ಕಿತು.

ಬಾಡಿ ಕಟ್ಟಿಸಿದ ಮೇಲೆ ಸೇರುವ ಭಾರ ಜನ ಅಂದುಕೊಳ್ಳುವುದಕ್ಕಿಂತ ಹೆಚ್ಚು. 100 ಲೀಟರ್ ನೀರು 100 ಕೆ.ಜಿ. ನಾಲ್ಕು ಮಂದಿ 280. ಮನೆಯ ಇನ್ವರ್ಟರ್‌ಗೆ ಹಾಕುವಂಥ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಎರಡಾದರೆ ಹತ್ತಿರ ಹತ್ತಿರ 110. ಮೇಲೆ ಎಸಿ, ಬದಿಯಲ್ಲಿ ನೆರಳಿನ ಚಪ್ಪರ, ಬಟ್ಟೆಬರೆ, ಪಾತ್ರೆಪಗಡ ಸೇರಿ ಇನ್ನೊಂದು 110. ಆಯಿತು 600 ಕೆ.ಜಿ. ಪ್ಲೈವುಡ್ ಕಪಾಟಿನ ತೂಕ ಇದರಲ್ಲಿ ಸೇರಿಲ್ಲ. ಇಷ್ಟಕ್ಕೇ ಮಿತಿ ಮುಗಿದಿದ್ದರೆ ಟ್ರೈಲರ್‌ನ ಮಾತು ಅಲ್ಲಿಗೆ ಬಿಡಿ. ಲಿಥಿಯಂ ಫಾಸ್ಫೇಟ್ ಬ್ಯಾಟರಿ ದುಬಾರಿ ಹೌದು, ಆದರೆ ಇದೇ ಕೆಲಸವನ್ನು ಕಾಲು ಭಾಗ ತೂಕದಲ್ಲಿ ಮಾಡುತ್ತದೆ. ಟ್ರೈಲರ್ ಎಳೆಯುವವರಿಗೆ ಆ ಖರ್ಚು ದಂಡವಲ್ಲ.

ಒಟ್ಟು ತೂಕದ ಮಿತಿ ಬೇರೆ, ಗಾಡಿ ಮತ್ತು ಟ್ರೈಲರ್ ಸೇರಿದ ಜಂಟಿ ತೂಕದ ಮಿತಿ ಬೇರೆ. ಎರಡನೆಯದನ್ನು ಮ್ಯಾನುವಲ್‌ನಲ್ಲಿ ಹುಡುಕಿ. ಇಲ್ಲದಿದ್ದರೆ ಕಂಪೆನಿಗೆ ಇಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಶೋರೂಮ್‌ನವರ ಬಾಯಿಮಾತು ವಿಮೆ ಕ್ಲೇಮ್ ಹೊತ್ತಿಗೆ ಸಾಕ್ಷಿಗೆ ಬರುವುದಿಲ್ಲ. ಮಿತಿ ಬರೆದಿಲ್ಲ ಎಂದರೆ ಎಷ್ಟು ಬೇಕಾದರೂ ಎಳೆಯಬಹುದು ಎಂದು ಅರ್ಥವಲ್ಲ.

ಟೋ ಬಾರ್ (ಟೋ ಬಾಲ್ ಹೊರುವ ಕಬ್ಬಿಣದ ಚೌಕಟ್ಟು) ಎಲ್ಲಿಗೆ ಬೋಲ್ಟ್ ಆಗಿದೆ ಎಂಬುದನ್ನು ಗಾಡಿಯ ಕೆಳಗೆ ಮಲಗಿಯೇ ನೋಡಬೇಕು, ಬೇರೆ ದಾರಿಯಿಲ್ಲ. ಬಾಡಿ ಉದ್ದ ಮಾಡಲು ಕಂಪೆನಿ ಚಾಸಿಯ ತುದಿಗೆ ಚೌಕ ಪೈಪ್ ಬೆಸೆದು ಎಳೆದಿರುತ್ತಾರೆ. ಮಂಚ, ಬಾತ್‌ರೂಮ್ ಹೊರಲು ಆ ಪೈಪ್ ಸಾಕು. ಅದೇ ಪೈಪ್‌ಗೆ ಟೋ ಬಾರ್ ಬೆಸೆದರೆ ಪ್ರತಿ ಹಂಪ್‌ನಲ್ಲೂ ಬೆಸುಗೆ ಬಾಗುತ್ತದೆ, ಬಣ್ಣದ ಅಡಿಯಲ್ಲಿ ಕೂದಲೆಳೆಯ ಬಿರುಕು ಶುರುವಾಗುತ್ತದೆ. ಬಿರುಕಿನ ಉದ್ದಕ್ಕೂ ತುಕ್ಕಿನ ಕಂದು ಗೆರೆ ಒಸರಿರುತ್ತದೆ, ಟಾರ್ಚ್ ಹಿಡಿದರೆ ಕಾಣುತ್ತದೆ. "ಎಂತ ಆಗುದಿಲ್ಲ ಮಾರಾಯ್ರೆ, ಒಂದು ಚಾನೆಲ್ ಹಾಕಿ ವೆಲ್ಡ್ ಹೊಡೆದರೆ ಮುಗೀತು" ಎನ್ನುವ ಗ್ಯಾರೇಜ್‌ನಿಂದ ಗಾಡಿ ತಿರುಗಿಸಿಕೊಂಡು ಬನ್ನಿ. ಟೋ ಬಾರ್‌ನ ಎರಡು ತೋಳುಗಳು ಮೂಲ ಚಾಸಿಯ ಉದ್ದ ರೈಲ್‌ಗೆ, ಹೈ ಟೆನ್ಸೈಲ್ ಬೋಲ್ಟ್ ಮತ್ತು ಲಾಕ್ ನಟ್‌ನಲ್ಲಿ ಕೂರಬೇಕು. ವಿಂಗರ್‌ನಂಥ ಮೊನೊಕಾಕ್ ಗಾಡಿಗೆ ಪ್ರತ್ಯೇಕ ಚಾಸಿ ಇಲ್ಲ, ಅಲ್ಲಿ ಕಂಪೆನಿ ಒಪ್ಪಿದ ಜಾಗ ಬಿಟ್ಟು ಬೇರೆ ಕಡೆ ತೂತು ಕೊರೆಯಲೇ ಬಾರದು.

ಈಗ ಇಳಿಯುವ ಲೆಕ್ಕ. 5 ಟನ್ ಭಾರ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 6.8 ಯೂನಿಟ್ ಕರೆಂಟಿನಷ್ಟು. ಸ್ನಾನದ ಹಂಡೆಯಲ್ಲಿ 80 ಲೀಟರ್ ತಣ್ಣೀರು ಹಾಕಿ ಕೊತಕೊತ ಕುದಿಸುವಷ್ಟು ಬಿಸಿ ಅದು. ಅಷ್ಟನ್ನೂ ಬ್ರೇಕ್ ಡ್ರಮ್‌ಗಳೇ ನುಂಗಬೇಕಾದರೆ ಲೈನರ್ ಹೊಳಪು ಹಿಡಿಯುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಡೀಸೆಲ್ ಎಂಜಿನ್‌ಗೆ ಪೆಟ್ರೋಲಿನ ಹಾಗೆ ಥ್ರಾಟಲ್‌ನಿಂದ ಗಾಳಿ ಕಟ್ಟಿ ಹಿಡಿಯುವ ಅಭ್ಯಾಸ ಇಲ್ಲ, ಹಾಗಾಗಿ ಎಂಜಿನ್ ಬ್ರೇಕಿಂಗ್ ಸಿಗಬೇಕಾದರೆ ಗೇರು ಕೆಳಗಿರಬೇಕು: ಎರಡನೆಯದು, ಹೆಚ್ಚೆಂದರೆ ಮೂರನೆಯದು, ಅದೂ ಇಳಿಜಾರು ಶುರುವಾಗುವ ಮೊದಲೇ. ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಕಟ್ಟಿ ಎಂಜಿನ್ನಿಂದಲೇ ತಡೆಯುವುದು) ಇರುವ ದೊಡ್ಡ ಟ್ರಕ್ ಚಾಸಿಯ ಮೇಲೆ ಕಟ್ಟಿದ ಮೋಟರ್‌ಹೋಮ್‌ಗೆ ಇಲ್ಲಿ ದೊಡ್ಡ ಅನುಕೂಲ. ಬ್ರೇಕನ್ನು ಸಣ್ಣಗೆ ಒತ್ತಿಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಡ್ರಮ್‌ಗೆ ಗಾಳಿ ಸಿಗಲಿ. ನ್ಯೂಟ್ರಲ್‌ನಲ್ಲಿ ಇಳಿಯುವುದು, ಎಂಜಿನ್ ಆಫ್ ಮಾಡುವುದು ಎರಡೂ ಆತ್ಮಹತ್ಯೆ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ನಿಂತಿತು, ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಯಿತು. ಬ್ರೇಕ್ ಆಯಿಲ್ ನಮ್ಮ ಕರಾವಳಿಯ ಹಸಿಗಾಳಿಯಿಂದ ತೇವ ಹೀರಿಕೊಂಡು ಬೇಗ ಕುದಿಯತೊಡಗುತ್ತದೆ. ಎರಡು ವರ್ಷಕ್ಕೊಮ್ಮೆ ಡಾಟ್ 4 ದರ್ಜೆಯ ಆಯಿಲ್ ಪೂರ್ತಿ ಬದಲಿಸಿ.

750 ಕೆ.ಜಿ. ದಾಟಿದ ಟ್ರೈಲರ್‌ಗೆ ತನ್ನದೇ ಬ್ರೇಕ್ ಇರಲೇಬೇಕು ಎಂದುಕೊಳ್ಳಿ. ನಮ್ಮ ನಿಯಮಗಳಲ್ಲೂ ಟ್ರೈಲರ್‌ಗಳ ಟಿ1 ಮತ್ತು ಟಿ2 ತೂಕದ ವರ್ಗಗಳ ನಡುವಿನ ಗೆರೆ ಅದೇ. ಓವರ್‌ರನ್ ಬ್ರೇಕ್ ಸರಳ: ಗಾಡಿ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ದೂಡುತ್ತದೆ, ಆ ಒತ್ತಡವೇ ರಾಡ್ ಎಳೆದು ಡ್ರಮ್ ಹಿಡಿಯುತ್ತದೆ. ಉದ್ದ ಇಳಿಜಾರಿನಲ್ಲಿ ಟ್ರೈಲರ್ ದೂಡುತ್ತಲೇ ಇರುವುದರಿಂದ ಅದರ ಡ್ರಮ್ ಬಿಸಿಯಾಗುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಬ್ರೇಕ್ ಮತ್ತು ಡ್ಯಾಶ್‌ಬೋರ್ಡ್‌ನಲ್ಲಿ ಕಂಟ್ರೋಲರ್ ಹಾಕಿಸಿದರೆ ಡ್ರೈವರ್ ಕೈಯಲ್ಲೇ ಹಿಡಿತ ಇರುತ್ತದೆ, ಘಾಟಿಗೆ ಅದೇ ವಾಸಿ. ಯಾವುದಾದರೂ ಸರಿ, ಎರಡು ಸರಪಳಿ ಟೋ ಬಾಲ್‌ನ ಅಡಿಯಲ್ಲಿ ಅಡ್ಡಡ್ಡ ಹಾಯಿಸಿ ಕಟ್ಟಿ. ಕೊಂಡಿ ಕಳಚಿದರೂ ಮೂತಿ ರಸ್ತೆಗೆ ಕುಕ್ಕದೆ ಸರಪಳಿಯ ಮೇಲೆ ಕೂರುತ್ತದೆ.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ಟ್ರೈಲರ್ ಇದ್ದರೆ ಶಿರಾಡಿ ಅಥವಾ ಸಂಪಾಜೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ 12 ಮೀಟರ್ ಉದ್ದದ ಜೋಡಿಗೆ ಎದುರು ಬಸ್ಸು ಸಿಕ್ಕರೆ ರಿವರ್ಸ್ ಹೊಡೆಯಬೇಕು, ಏರಿನಲ್ಲಿ ರಿವರ್ಸ್ ಎಂದರೆ ಕ್ಲಚ್‌ಗೆ ತರ್ಪಣ. ಚಾರ್ಮಾಡಿಯಲ್ಲಿ 2019ರ ಆಗಸ್ಟ್ ಕುಸಿತದ ಬಳಿಕ ಭಾರೀ ವಾಹನಗಳಿಗೆ ನಿರ್ಬಂಧ ಬಂತು. ನಿಮ್ಮ ಗಾಡಿಯನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ ಎಂದು ಹೊರಡುವ ಮೊದಲೇ ಪೊಲೀಸರಲ್ಲಿ ಕೇಳಿಕೊಳ್ಳಿ.

ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್‌ನವರು ಇನ್ನೊಂದು ನೆನಪಿಡಬೇಕು. ಮಲ್ಪೆಯಲ್ಲೋ ಮರವಂತೆಯಲ್ಲೋ ಗಾಡಿ ನಿಲ್ಲಿಸಿ ಎಸಿಗಾಗಿ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ ಎಕ್ಸಾಸ್ಟ್ ತಣ್ಣಗಿದ್ದು ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಸೋಸುಕದಲ್ಲಿ, ಮಸಿ ಕಟ್ಟುತ್ತದೆ. ಆಮೇಲೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಅದನ್ನು ಸುಡಲು ಬಿಡಬೇಕು. ಸುಡುವ ಹೊತ್ತಿಗೆ ಅಲ್ಲಿ 600 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಇರುತ್ತದೆ, ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಘಾಟಿ ಹತ್ತಿದ ಕೂಡಲೇ ಎಂಜಿನ್ ಆಫ್ ಮಾಡದೆ ಒಂದೆರಡು ನಿಮಿಷ ಬಿಡಿ, ಟರ್ಬೊ ತಣಿಯಲಿ.

ಹೆದ್ದಾರಿಯಲ್ಲಿ ಟ್ರೈಲರ್ ಬಾಲ ಅಲ್ಲಾಡಿಸುವುದಕ್ಕೆ ಮುಖ್ಯ ಕಾರಣ ಮೂತಿಯ ಭಾರ ಕಡಿಮೆ ಇರುವುದು. ಟ್ರೈಲರ್ ತೂಕದ 7ರಿಂದ 10% ಮೂತಿಯ ಮೇಲಿರಬೇಕು. ಅಡಕೆ ಮೂಟೆ ತೂಗುವ ತಕ್ಕಡಿಯ ಮೇಲೆ ಮರದ ತುಂಡು ನಿಲ್ಲಿಸಿ, ಟೋ ಬಾಲ್‌ನ ಎತ್ತರಕ್ಕೇ ಮೂತಿ ಇಟ್ಟು ತೂಗಿ. ಬೋಟ್ ಟ್ರೈಲರ್‌ನಲ್ಲಿ ಎಂಜಿನ್ ಹಿಂದೆ ನೇತಾಡುವುದರಿಂದ ಮೂತಿ ಹಗುರ. ವಿಂಚ್ ಕಂಬವನ್ನು ಮುಂದೆ ಸರಿಸಿ ಬೋಟನ್ನು ಮುಂದೆ ತನ್ನಿ, ಸಾಲದಿದ್ದರೆ ಆಕ್ಸಲ್ ಹಿಂದೆ ಸರಿಸಿ. ನೇತ್ರಾವತಿ ಸೇತುವೆಯ ಮೇಲೆ ಅಡ್ಡಗಾಳಿಗೆ ಅಲ್ಲಾಟ ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಗಾಡಿಯ ಬ್ರೇಕ್ ತುಳಿಯಬೇಡಿ. 60ರ ಒಳಗೆ ಹೋದರೆ ಇದರ ಪ್ರಮೇಯವೇ ಕಡಿಮೆ.

ಕಾಗದಪತ್ರ: ಟ್ರೈಲರ್‌ಗೆ ಪ್ರತ್ಯೇಕ ನೋಂದಣಿ ಬೇಕು, ಎಳೆಯುವ ಗಾಡಿಯ ನಂಬರ್ ಕೂಡ ಟ್ರೈಲರ್‌ನ ಹಿಂದೆ ಕಾಣಬೇಕು. ಟೋ ಬಾರ್ ಹಾಕಿಸುವ ಮೊದಲು ಆರ್‌ಟಿಒ ಮತ್ತು ವಿಮೆಯವರು ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಇರಲಿ.

ಉಪ್ಪುನೀರಿಗೆ ಬೋಟ್ ಇಳಿಸುವವರಿಗೆ ಟ್ರೈಲರ್‌ನ ಆಯುಸ್ಸು ಚಕ್ರದ ನಡುವಿನ ಹಬ್ ಬೇರಿಂಗ್‌ನಲ್ಲಿದೆ. ಓಡಿ ಬಂದ ಬಿಸಿ ಹಬ್ಬನ್ನು ಹಾಗೇ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲ್ ಸಂದಿಯಿಂದ ಉಪ್ಪುನೀರು ಒಳಗೆ ಎಳೆದುಕೊಳ್ಳುತ್ತದೆ. ಕೈಯಿಟ್ಟರೆ ಸುಡದಷ್ಟು ತಣಿಯುವವರೆಗೆ ಕಾಯಿರಿ, ಲೈಟ್ ಪ್ಲಗ್ ಕಳಚಿ, ಆಮೇಲೆ ಇಳಿಸಿ. ಮನೆಗೆ ಬಂದ ದಿನವೇ ಡ್ರಮ್, ಸ್ಪ್ರಿಂಗ್, ಚಾಸಿ ಎಲ್ಲಕ್ಕೂ ಸಿಹಿನೀರು ಹೊಡೆಯಿರಿ. ಪ್ಲಗ್‌ನ 3ನೇ ಪಿನ್, ಅಂದರೆ ಬಿಳಿ ವೈರಿನ ಅರ್ಥಿಂಗ್, ಹಸಿರು ಕಿಲುಬು ಹಿಡಿದರೆ ಇಂಡಿಕೇಟರ್ ಹಾಕಿದಾಗ ಟೈಲ್ ಲೈಟೂ ಮಿಣುಕುತ್ತದೆ. ಬಲ್ಬ್ ಬದಲಿಸುವ ಮೊದಲು ಆ ಪಿನ್ ಉಜ್ಜಿ, ತೆಳ್ಳಗೆ ವ್ಯಾಸಲೀನ್ ಸವರಿ. ಹಬ್ಬಿನ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಮೇಲಿಂದ ಹೊಸ ಗ್ರೀಸ್ ತುಂಬಿ ಪ್ರಯೋಜನವಿಲ್ಲ, ಒಳ ಹೊರ ಎರಡೂ ಬೇರಿಂಗ್, ಅವುಗಳ ಕಪ್ ಮತ್ತು ಸೀಲ್ ಒಟ್ಟಿಗೆ ಬದಲಿಸಿ. ಅದೇ ಅಳತೆಯ ಇನ್ನೊಂದು ಸೆಟ್ ಸೀಟಿನ ಅಡಿಯಲ್ಲಿ ಇಟ್ಟುಕೊಳ್ಳಿ, ಶಿರಾಡಿ ಬುಡದ ಗುಂಡ್ಯ ದಾಟಿದ ಮೇಲೆ ಸಿಗುವುದಿಲ್ಲ.